ಶಾಂತಿ ಮೇಡಂ ಎದುರಿನ ಖಾಲಿ ಕುರ್ಚಿ

ದೇವರಾಜ ಮೊಹಲ್ಲಾದ ಆ ಹೈಸ್ಕೂಲಿನಲ್ಲಿ ವೇದವತಿಯವರನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಅವರು ಶಾಂತಿ ಮೇಡಂ. ಮಕ್ಕಳ ಜಗಳ ಬಿಡಿಸಿ, ಅವರ ತಂದೆತಾಯಿಗಳನ್ನು ಕರೆಸಿ, ಬುದ್ಧಿ ಹೇಳಿ ಕಳಿಸುವುದು ಅವರ ಉದ್ಯೋಗ. ತೊಂಬತ್ತರ ದಶಕದ ಕೊನೆಯ ಮೈಸೂರಿನಲ್ಲಿ ಇದಕ್ಕೂ ಸಂಬಳ ಕೊಡುತ್ತಾರೆಯೇ ಎಂದು ಜನ ಬೆರಗಾಗುತ್ತಿದ್ದರು. ಎರಡೇಟು ಬಿಟ್ಟರೆ ಮುಗಿಯುವ ಕೆಲಸಕ್ಕೆ ಒಂದು ರೂಮು, ಒಂದು ಫ್ಯಾನು, ಒಬ್ಬರು ಮೇಡಂ!

ಆದರೆ ಮೇಡಂ ಸಾಮಾನ್ಯರಲ್ಲ. ದೇಶದಲ್ಲಿ ಅಣುಬಾಂಬಿನ ಮಾತು ಜೋರಾಗಿದ್ದ ವರ್ಷ ಅವರು ಮಕ್ಕಳ ಕೈಗೆ ಬಿಳಿ ಬಾವುಟ ಕೊಟ್ಟು ಶಾಂತಿ ಮೆರವಣಿಗೆ ತೆಗೆದರು. ಹಾರಿಬಿಡಲು ತಂದ ಪಾರಿವಾಳ, ರೆಕ್ಕೆ ಕತ್ತರಿಸಿದ್ದರಿಂದಲೋ ಏನೋ, ಹೆಡ್‌ಮಾಸ್ಟರ್ ರಾಮಸ್ವಾಮಿಯವರ ಹೆಗಲ ಮೇಲೆ ಕೂತಿದ್ದು ಏಳಲೇ ಇಲ್ಲ. ಆ ಫೋಟೋ ಪತ್ರಿಕೆಯಲ್ಲಿ ಬಂತು. ಅಂದಿನಿಂದ ಕೆಸರೆಯ ಮಹಿಳಾ ಸಮಾಜಕ್ಕೂ ಮೇಟಗಳ್ಳಿಯ ಕಾರ್ಮಿಕರ ಸಂಘಕ್ಕೂ ಮೇಡಂ ಭಾಷಣವಿಲ್ಲದೆ ವಾರ್ಷಿಕೋತ್ಸವವೇ ಆಗುತ್ತಿರಲಿಲ್ಲ. ಕುಟುಂಬವೇ ಶಾಂತಿಯ ಮೊದಲ ಪಾಠಶಾಲೆ ಎಂಬುದು ಅವರ ಖಾಯಂ ವಾಕ್ಯ. ಅದನ್ನು ಬರೆಸಿದ ಬಟ್ಟೆಯ ಬ್ಯಾನರು ಅವರ ರೂಮಿನ ಗೋಡೆಯ ಮೇಲೂ ಇತ್ತು.

ಜಗಳಕ್ಕೆ ಅವರ ಮದ್ದೆಂದರೆ ಎಳ್ಳುಬೆಲ್ಲ. ಸಂಕ್ರಾಂತಿಗೆ ಊರೆಲ್ಲ ಎಳ್ಳು ಬೀರಿ ಸುಮ್ಮನಾದರೆ, ಇವರ ಮೇಜಿನ ಡ್ರಾಯರಿನಲ್ಲಿ ವರ್ಷವಿಡೀ ಒಂದು ಡಬ್ಬಿ. ಹೊಡೆದಾಡಿದ ಇಬ್ಬರೂ ಒಬ್ಬರ ಕೈಗೊಬ್ಬರು ಎಳ್ಳುಬೆಲ್ಲ ಕೊಟ್ಟು ಒಳ್ಳೆಯ ಮಾತಾಡಬೇಕು. ಮಕ್ಕಳು ಬಲು ಬೇಗ ವಿಷಯ ತಿಳಿದುಕೊಂಡರು. ಊಟದ ಗಂಟೆಗೆ ಮುಂಚಿನ ಪೀರಿಯಡ್ಡಿನಲ್ಲಿ, ಹೊಟ್ಟೆ ಚುರುಗುಟ್ಟುವ ಹೊತ್ತಿಗೆ, ಶಾಲೆಯ ತುಂಬ ಜಗಳವೋ ಜಗಳ. ಬಗೆಹರಿದ ಜಗಳಗಳ ಸಂಖ್ಯೆ ಏರಿತೆಂದು ರಾಮಸ್ವಾಮಿಯವರು ಮೀಟಿಂಗಿನಲ್ಲಿ ಬೀಗಿದರು.

ಮೇಡಂ ರೂಮಿಗೆ ಇನ್ನೆರಡು ಕಟ್ಟಳೆಗಳಿದ್ದವು. ಕೈ ಮಾಡಿದ ಮಗುವಿನ ಅಪ್ಪ ಅಮ್ಮ ಇಬ್ಬರೂ ಬಂದು ಎದುರಿನ ಎರಡು ಕುರ್ಚಿಗಳಲ್ಲಿ ಕೂರಬೇಕು. ಒಂದು ಖಾಲಿಯಿದ್ದರೂ ಮಾತು ಶುರುವಾಗದು. ಒಂದು ಕೈಯಲ್ಲಿ ಚಪ್ಪಾಳೆಯಾಗುವುದಿಲ್ಲವೆಂದು ಎಷ್ಟೋ ಅಪ್ಪಂದಿರನ್ನು ಅವರು ಬಾಗಿಲಿಂದಲೇ ವಾಪಸು ಕಳಿಸಿದ್ದರು. ಎರಡನೆಯದು, ಒಂಬತ್ತನೇ ಕ್ಲಾಸಿನಲ್ಲಿದ್ದ ಸ್ವಂತ ಮಗಳು ಅಕ್ಷತಾಳೂ ಗೇಟಿನೊಳಗೆ ಅವರನ್ನು ಮೇಡಂ ಎಂದೇ ಕರೆಯಬೇಕು.

ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ಗಾದೆ ಮಾಡಿದವರು ಇವರ ಮನೆಯನ್ನು ನೋಡಿಯೇ ಮಾಡಿರಬೇಕು. ಅಲ್ಲಿ ಗಂಡ ಹೆಂಡತಿ ಮಾತು ಬಿಟ್ಟು ಮಳೆಗಾಲವೊಂದು ಕಳೆದಿತ್ತು. ಗಂಡ ಮಹೇಶ್ ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಸಾರಿಗೆ ಉಪ್ಪು ಕಮ್ಮಿಯಾದರೆ ತಟ್ಟೆ ನೂಕುವ ಒಬ್ಬ ಗೃಹಸ್ಥರ ಉದಾಹರಣೆಯನ್ನು ಮೇಡಂ ಕೆಸರೆಯಲ್ಲಿ ಮೈಕಿನಲ್ಲಿ ಕೊಟ್ಟರು. ಹೆಸರು ಹೇಳಲಿಲ್ಲ, ನಿಜ. ಆದರೆ ಮರುದಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮಹೇಶನ ತಟ್ಟೆಯ ಪಕ್ಕ ಯಾರೋ ಒಂದು ಹಿಡಿ ಉಪ್ಪು ಇಟ್ಟು ಹೋಗಿದ್ದರು. ಅವನು ಉರಿಯುತ್ತಾ ಮನೆಗೆ ಬಂದು ಕೂಗಾಡಿದ. ಮೇಡಂ ಕೈಕಟ್ಟಿ ಕೂತು, ನಿಮಗೆ ಕೋಪ ಬಂದಿರುವುದು ನನಗೆ ಅರ್ಥವಾಗುತ್ತದೆ ಎಂದರು. ಇನ್ನೂ ಕೂಗಿದ. ಇನ್ನೂ ಅರ್ಥವಾಗುತ್ತದೆ ಎಂದರು. ಅವನು ಬಾಯಿ ಮುಚ್ಚಿದವನು ಮತ್ತೆ ತೆರೆಯಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಜಗಳವೇ ಶುರುವಾಗದಿದ್ದರೆ ಅದು ಮುಗಿಯುವುದಾದರೂ ಯಾವಾಗ?

ಪಾಪ, ನಡುವೆ ಸಿಕ್ಕಿಬಿದ್ದವಳು ಅಕ್ಷತಾ. ಕಾಫಿ ಆರುತ್ತಿದೆ ಎಂದು ಅಪ್ಪನಿಗೆ, ಬೇಡ ಎಂದು ಅಮ್ಮನಿಗೆ, ಆಯಿತು ಎಂದು ಮತ್ತೆ ಅಪ್ಪನಿಗೆ ಹೇಳಬೇಕು. ಮನೆಯ ಮಾತೆಲ್ಲ ಅವಳೊಬ್ಬಳ ಬಾಯಲ್ಲೇ ಓಡಾಡಿ, ಅವಳ ಸ್ವಂತ ಮಾತಿಗೆ ಜಾಗವೇ ಉಳಿಯಲಿಲ್ಲ.

ಹೀಗಿರುವಾಗ ಒಂದು ಬುಧವಾರ ಅಕ್ಷತಾ, ಇರುವೆಯನ್ನೂ ತುಳಿಯದ ಅಕ್ಷತಾ, ಪಕ್ಕದಲ್ಲಿ ಕೂರುವ ಗೆಳತಿ ಲಾಸ್ಯಳ ಕೆನ್ನೆಗೆ ಬಾರಿಸಿದಳು. ಕಾರಣ ಕೇಳಿದರೆ ಇಬ್ಬರೂ ಹೇಳಲಿಲ್ಲ. ಏಟು ತಿಂದ ಲಾಸ್ಯ ಅಳುವುದಕ್ಕಿಂತ ಹೆಚ್ಚಾಗಿ ನಗು ತಡೆಯುತ್ತಿರುವಂತೆ ಕಂಡಳು. ರಾಮಸ್ವಾಮಿಯವರು ಕಟ್ಟಳೆಯಂತೆ ಕಾರ್ಖಾನೆಗೆ ಫೋನು ಮಾಡಿದರು.

ಮಹೇಶ್ ಅರ್ಧ ದಿನ ರಜ ಹಾಕಿ ಬಂದು ಒಂದು ಕುರ್ಚಿಯಲ್ಲಿ ಕೂತ. ಮೇಜಿನ ಆಚೆ ಮೇಡಂ. ಬಾಗಿಲ ಬಳಿ ಅಕ್ಷತಾ. ಮೇಡಂ ಕನ್ನಡಕ ಸರಿಮಾಡಿಕೊಂಡು, ಹಿಂಸೆ ಯಾವುದಕ್ಕೂ ಪರಿಹಾರವಲ್ಲವೆಂದು ಶುರುಮಾಡಿದರು.

"ಮೇಡಂ, ನಮ್ಮಮ್ಮ ಇನ್ನೂ ಬಂದಿಲ್ಲ" ಎಂದಳು ಅಕ್ಷತಾ.

ತಮಾಷೆ ಸಾಕೆಂದು ಮೇಡಂ ಗದರಿದರು. ಮಗಳು ಖಾಲಿ ಕುರ್ಚಿಯನ್ನೇ ನೋಡುತ್ತಿದ್ದಳು.

"ತಮಾಷೆ ಅಲ್ಲ ಮೇಡಂ. ಇಬ್ರೂ ಬರ್ದೆ ಶುರು ಮಾಡಲ್ಲ ಅಂತ ನೀವೇ ಹೇಳೋದು. ನಾನು ಅಮ್ಮನ್ನ ನೋಡಿ ತುಂಬ ದಿನ ಆಯ್ತು. ಮನೇಲೂ ನೀವೇ ಇರ್ತೀರ."

ಆ ಮಾತು ವೇದವತಿಯವರ ಎದೆಗೇ ಬಿತ್ತು. ಎಷ್ಟೋ ಅಮ್ಮಂದಿರು ಕಣ್ಣೊರೆಸಿಕೊಂಡ ಕುರ್ಚಿ ಅದು. ಅವರು ಎದ್ದು, ಮೇಜು ಸುತ್ತಿ ಬಂದು ಅದರಲ್ಲಿ ಕೂತರು. ಒಂದು ಕಾಲು ಗಿಡ್ಡವಾಗಿದ್ದ ಕುರ್ಚಿ ವಾಲಿತು. ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. ಅಭ್ಯಾಸಬಲದಿಂದ, "ನಿಮಗೆ ಬೇಸರ ಆಗಿದೆ ಅಂತ ನನಗೆ ಅರ್ಥ..." ಎಂದವರು ಮಗಳ ಮುಖ ನೋಡಿ ನಿಲ್ಲಿಸಿದರು.

ಮಹೇಶನೂ ಹಳೇ ಚಾಳಿಯಂತೆ, ನಿಮ್ಮಮ್ಮಂಗೆ ಹೇಳು ಎಂದು ಮಗಳ ಕಡೆ ತಿರುಗಿದ. ಅವಳು ಹೇಳುವುದಿಲ್ಲವೆಂದು ತಲೆಯಾಡಿಸಿದಳು. ಬೇರೆ ದಾರಿ ಇರಲಿಲ್ಲ.

"ಉಪ್ಪಿನ ವಿಷ್ಯ ಕೆಸರೇಲಿ ಮೈಕಲ್ಲಿ ಹೇಳ್ಬುಟ್ಟೆ. ನಂಗೆ ಹೇಳಕ್ಕೆ ಆಗ್ಲಿಲ್ವಾ?"

"ಹೇಳ್ದೆ ಕಣ್ರೀ, ಮದುವೆ ಆದಾಗಿಂದ ಹೇಳ್ತಾನೇ ಇದೀನಿ. ನೀವು ತಟ್ಟೆ ನೂಕಿದ್ದು ಸುಳ್ಳಾ? ಆ ಅನ್ನ ಬಳ್ದವಳು ಯಾರು?"

ಆಮೇಲೆ ಯಾರಿಗೂ ಯಾರದೂ ಅರ್ಥವಾಗುವ ಮಾತೇ ಇರಲಿಲ್ಲ. ಮಾತಿನ ನಡುವೆ ತವರು ಬಂತು, ಅತ್ತೆ ಬಂದರು, ಪಾರಿವಾಳವೂ ಬಂತು. ಮೇಡಂ ಮೇಜು ಗುದ್ದಿದ ರಭಸಕ್ಕೆ ಗೋಡೆಯ ಬ್ಯಾನರಿನ ಒಂದು ತುದಿ ಕಳಚಿ ಜೋತುಬಿತ್ತು. ಅಕ್ಷತಾ ಸದ್ದಿಲ್ಲದೆ ಡ್ರಾಯರು ಎಳೆದು, ಡಬ್ಬಿ ತೆಗೆದು, ಮೇಡಂ ಕುರ್ಚಿಯಲ್ಲಿ ಕೂತಳು.

ಗದ್ದಲ ಕೇಳಿ ರಾಮಸ್ವಾಮಿಯವರು ಓಡಿ ಬಂದು ಬಾಗಿಲು ತೆರೆದರು. ಮೇಡಂ ಕುರ್ಚಿಯಲ್ಲಿ ಹುಡುಗಿಯನ್ನು ಕಂಡು, ಏನಮ್ಮ ಇದು, ಮೇಡಂ ಎಲ್ಲಿ ಎಂದು ಗಾಬರಿಯಲ್ಲಿ ಕೇಳಿಯೇಬಿಟ್ಟರು.

ಅಕ್ಷತಾ ಬಾಯ್ತುಂಬ ಎಳ್ಳುಬೆಲ್ಲ ಅಗಿಯುತ್ತಾ ಹೇಳಿದಳು:

"ಮೇಡಂ ಇವತ್ತು ರಜ ಸಾರ್. ನಮ್ಮಪ್ಪ ಅಮ್ಮ ಮಾತಾಡ್ತಾ ಇದಾರೆ. ಸ್ವಲ್ಪ ಬಾಗ್ಲು ಹಾಕ್ಕೊಳ್ಳಿ."