ಕಾಲು ನೆಲ ಮುಟ್ಟುವ ಕುರ್ಚಿ

ಗುಬ್ಬಿ ಮಾಡುವ ಕೆಲಸ ಎಂಥದ್ದೆಂದು ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಊಟದ ಮೇಜಿನ ಒಂದು ತುದಿಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ದಿನವಿಡೀ ಏನನ್ನೋ ಕೇಳುತ್ತಾಳೆ, ಏನನ್ನೋ ಟೈಪು ಮಾಡುತ್ತಾಳೆ, ತಿಂಗಳಿಗೊಮ್ಮೆ ಸಂಬಳ ಬರುತ್ತದೆ, ಅಷ್ಟೇ. "ಹಾಡು ಕೇಳೋದಕ್ಕೂ ದುಡ್ಡು ಕೊಡ್ತಾರೇನೇ ಈಗ?" ಎಂದು ಚಿಕ್ಕಪ್ಪ ಕಿಚಾಯಿಸಿದರೆ ಅವಳು ನಕ್ಕು ತಲೆ ತಗ್ಗಿಸುತ್ತಿದ್ದಳು. ಬಿಡಿಸಿ ಹೇಳುವ ಜಾಯಮಾನವೇ ಅವಳದಲ್ಲ. ಪುಟ್ಟ ಮೈಕಟ್ಟು ನೋಡಿ ಗುಬ್ಬಿ ಎಂದು ಕರೆದಿದ್ದರು. "ಗುಬ್ಬಿಯಾದ್ರೂ ಚಿಲಿಪಿಲಿ ಅನ್ನುತ್ತೆ, ಇದಕ್ಕೆ ಅದೂ ಇಲ್ಲ" ಎನ್ನುವುದು ಅಮ್ಮನ ಮಾಮೂಲು ಮಾತು.

ಅವಳು ಕೇಳುತ್ತಿದ್ದುದು ಹಾಡಲ್ಲ, ಡಾಕ್ಟರುಗಳ ಗೊಣಗಾಟ. ರೋಗಿಯನ್ನು ಪರೀಕ್ಷಿಸಿದ ಡಾಕ್ಟರು ಕಂಡದ್ದನ್ನೆಲ್ಲ ಗಡಿಬಿಡಿಯಲ್ಲಿ ಯಂತ್ರದೆದುರು ಹೇಳಿಬಿಡುತ್ತಾರೆ. ಆ ಮಾತನ್ನು ಅಕ್ಷರಕ್ಕಿಳಿಸಿ ವರದಿ ಮಾಡಿ ಕಳಿಸುವುದು ಇವಳ ಕೆಲಸ. ಮೇಜಿನ ಕೆಳಗೊಂದು ಪೆಡಲ್ ಇತ್ತು. ಒತ್ತಿದರೆ ಮಾತು ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ, ಹಿಮ್ಮಡಿಯಿಂದ ಒತ್ತಿದರೆ ಹಿಂದಕ್ಕೆ ಸರಿಯುತ್ತದೆ. ಕೈ ಅಕ್ಷರದ ಮೇಲೆ, ಕಾಲು ಮಾತಿನ ಮೇಲೆ. ಎಡ ಕಿಡ್ನಿ ಎಂದದ್ದು ಬಲ ಎಂದಾದರೆ ಯಾರದೋ ಜೀವಕ್ಕೆ ಸಂಚಕಾರ. ಗುಬ್ಬಿಯ ಕೈಯಲ್ಲಿ ಅಂಥದ್ದು ಒಂದೂ ಆಗಿರಲಿಲ್ಲ. ಯಾರಿಗೂ ಹೇಳಿಕೊಳ್ಳದಿದ್ದರೂ ಒಳಗೊಳಗೇ ಅದೊಂದು ಹೆಮ್ಮೆ ಅವಳಿಗೆ.

ಕೈಕೊಟ್ಟದ್ದು ಬೆನ್ನು. ಊಟದ ಕುರ್ಚಿ ಎತ್ತರದ್ದು. ಹಿಂದಕ್ಕೆ ಒರಗಿದರೆ ಕಾಲು ಪೆಡಲಿಗೆ ಎಟುಕದು. ಹಾಗಾಗಿ ಅವಳು ಕುರ್ಚಿಯ ಅಂಚಿಗೆ ಬಂದು, ಸೊಂಟದ ಹಿಂದೆ ಯಾವ ಆಸರೆಯೂ ಇಲ್ಲದೆ ಕೂರುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಬೆನ್ನಿನಲ್ಲಿ ಕೆಂಡ ಇಟ್ಟಂತಾಗಿ, ಕೇಳಿದ ಸಾಲನ್ನೇ ಮತ್ತೆ ಮತ್ತೆ ಕೇಳಬೇಕಾಗುತ್ತಿತ್ತು. ಕೊನೆಗೊಂದು ದಿನ ಮೇಲ್ವಿಚಾರಕಿ ಫೋನು ಮಾಡಿದರು.

"ನಿನ್ನ ಕೆಲಸದಲ್ಲಿ ತಪ್ಪು ಹುಡುಕೋಕಾಗಲ್ಲಮ್ಮ. ಆದ್ರೆ ತುಂಬಾ ತಡ ಆಗ್ತಿದೆ. ಈ ತಿಂಗಳು ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಬೇರೆಯವರಿಗೆ ಕೊಡದೆ ವಿಧಿಯಿಲ್ಲ."

ಗುಬ್ಬಿ ಬಚ್ಚಲಿನ ನಲ್ಲಿ ತಿರುಗಿಸಿ, ನೀರಿನ ಸದ್ದಿನ ಮರೆಯಲ್ಲಿ ಅತ್ತಳು. ಆಮೇಲೆ ಮುಖ ತೊಳೆದುಕೊಂಡು ಬಂದು, ಊಟಕ್ಕೆ ಕೂತವರೆದುರು ಹೇಳಿದಳು. "ನನಗೊಂದು ಕುರ್ಚಿ ಬೇಕು."

ಬಾಯಿಬಿಟ್ಟು ಏನನ್ನೂ ಕೇಳದ ಹುಡುಗಿ ಕೇಳಿದ್ದಾಳೆ! ಚಿಕ್ಕಪ್ಪನಿಗೆ ಸಡಗರವೋ ಸಡಗರ. ಬಸ್ಸಿನ ಕಂಡಕ್ಟರಾಗಿ ಜೀವಮಾನವೆಲ್ಲ ನಿಂತೇ ದುಡಿದ ಮನುಷ್ಯ. "ನಮ್ಮ ವಂಶದಲ್ಲೇ ಕಂಪ್ಯೂಟರ್ ಮುಂದೆ ಕೂತು ಸಂಬಳ ಎಣಿಸೋ ಮೊದಲನೇ ಪ್ರಾಣಿ ಇದು. ಕುರ್ಚಿ ಅಂದ್ರೆ ಕುರ್ಚಿ ಆಗಿರ್ಬೇಕು, ಅತ್ತಿಗೆ" ಎಂದ.

ಅಪ್ಪ ಹೋದ ಮೇಲೆ ಮನೆಯ ಖರೀದಿಗಳೆಲ್ಲ ಚಿಕ್ಕಪ್ಪನ ಪಾಲಿಗೆ ಬಂದಿದ್ದವು. ಅವನದೊಂದು ಪದ್ಧತಿ. ಯಾವ ವಸ್ತುವನ್ನೂ ಒಬ್ಬರಿಗೆಂದು ಕೊಳ್ಳಬಾರದು, ಮನೆಮಂದಿಗೆಲ್ಲ ಒಪ್ಪಬೇಕು. ಹಾಗೆ ಎಲ್ಲರಿಗೂ ಆಗಲೆಂದು ತಂದ ಮಳೆಕೋಟು ಅವನ ಮೊಣಕಾಲಿಗೆ ನಿಲ್ಲುತ್ತಿತ್ತು, ಅಮ್ಮನ ಪಾದ ಮುಚ್ಚುತ್ತಿತ್ತು, ಗುಬ್ಬಿ ತೊಟ್ಟರೆ ಕೋಟೇ ನಡೆದುಹೋದಂತೆ ಕಾಣುತ್ತಿತ್ತು.

ಭಾನುವಾರ ಮೂವರೂ ಹಳೆಯ ಪೀಠೋಪಕರಣದ ಅಂಗಡಿಗೆ ಹೋದರು. ಮುಚ್ಚಿದ ಆಫೀಸುಗಳಿಂದ ಬಂದ ಕುರ್ಚಿಗಳು ಸಾಲಾಗಿ ನಿಂತಿದ್ದವು. ಹೊಸದರ ಬೆಲೆ ಈ ಮನೆಗೆ ನಿಲುಕುವಂಥದ್ದಲ್ಲ. ಗುಬ್ಬಿ ತನ್ನ ಪೆಡಲನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದಳು, ಕೂತು ನೋಡುವಾಗ ಬೇಕಾಗುತ್ತದೆಂದು. ತೆಗೆಯಲು ಮಾತ್ರ ನಾಚಿಕೆ.

ಚಿಕ್ಕಪ್ಪನ ಕಣ್ಣು ನೇರವಾಗಿ ಬಿದ್ದದ್ದು ಒಂದು ಕರಿಯ ಕುರ್ಚಿಯ ಮೇಲೆ. ತಲೆಗಿಂತ ಎತ್ತರದ ಒರಗು, ಚರ್ಮದ ಹೊದಿಕೆ, ದಪ್ಪ ತೋಳು. ಕೂತು, ಒರಗಿ, ಒಂದು ಸುತ್ತು ತಿರುಗಿದ.

"ಆಹಾ! ಅತ್ತಿಗೆ, ನೀವೂ ಕೂತ್ಕೊಂಡು ನೋಡಿ."

ಅಮ್ಮ ಕೂತಳು. "ಮೆತ್ತಗಿದೆ. ನಿದ್ದೆ ಬರೋ ಹಾಗಿದೆ."

"ಮ್ಯಾನೇಜರು ಕೂರ್ತಿದ್ದ ಕುರ್ಚಿ ಸರ್ ಇದು" ಎಂದಳು ಅಂಗಡಿಯಾಕೆ.

"ಕೇಳಿದ್ಯಾ ಗುಬ್ಬಿ, ಮ್ಯಾನೇಜರಂತೆ! ರೇಟು ಹೇಳಮ್ಮ." ಚಿಕ್ಕಪ್ಪನ ಕೈ ಆಗಲೇ ಜೇಬಿಗೆ ಹೋಗಿತ್ತು. ಕೂರಬೇಕಾದವಳು ಇನ್ನೂ ಕೂತೇ ಇರಲಿಲ್ಲ.

ಗುಬ್ಬಿ ಚೀಲದ ಬಾಯಿ ಹಿಡಿದುಕೊಂಡಳು. ಅವನ ಮುಖದ ಸಂಭ್ರಮ ನೋಡಿದರೆ ಬೇಡ ಎನ್ನಲು ಬಾಯಿ ಬಾರದು. ಸುಮ್ಮನಿದ್ದರೆ ಕುರ್ಚಿ ಮನೆಗೆ ಬರುತ್ತದೆ, ಕೆಲಸ ಮನೆಬಿಟ್ಟು ಹೋಗುತ್ತದೆ. ಅವಳು ಚೀಲದಿಂದ ಪೆಡಲು ತೆಗೆದಳು. ಅಲ್ಲೇ ಇದ್ದ ಮೇಜಿನಡಿ ಅದನ್ನಿಟ್ಟು, ಕರಿಯ ಕುರ್ಚಿಯನ್ನೆಳೆದುಕೊಂಡು ಹಿಂದಕ್ಕೊರಗಿ ಕೂತಳು. ಸೀಟನ್ನು ಪೂರ್ತಿ ಕೆಳಗಿಳಿಸಿದರೂ ಕಾಲು ಗಾಳಿಯಲ್ಲಿ ತೂಗಾಡಿತು.

"ನೋಡಿ ಚಿಕ್ಕಪ್ಪ. ಎಟುಕಲ್ಲ."

"ಏನದು ಕಾಲ್ಕೆಳಗೆ?"

"ನನ್ನ ಕೆಲಸ."

ಆಮೇಲೆ ತಡೆಯಲಾಗಲಿಲ್ಲ. ಡಾಕ್ಟರ ಮಾತು, ಅದನ್ನು ಕಾಲಿನಿಂದ ಓಡಿಸಿ ನಿಲ್ಲಿಸುವುದು, ಎಡ ಬಲ ಅದಲುಬದಲಾದರೆ ಏನಾಗುತ್ತದೆ, ಮೇಲ್ವಿಚಾರಕಿ ಏನಂದರು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅಂಗಡಿಯಾಕೆಯೂ ಕೈಕಟ್ಟಿಕೊಂಡು ಕೇಳುತ್ತಿದ್ದಳು.

ಅಮ್ಮ ಮೇಜಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಪೆಡಲನ್ನೇ ನೋಡಿದಳು. ಹೊಲಿಗೆ ಯಂತ್ರ ತುಳಿದೇ ಮಗಳನ್ನು ಓದಿಸಿದವಳು ಅವಳು.

"ಇದು ನನ್ನ ಮಿಷನ್ನಿನ ಥರಾನೇ ಅಲ್ವೇನೇ? ಇಷ್ಟು ದಿನ ತುದೀಲಿ ಕೂತು ಇದನ್ನ ತುಳೀತಿದ್ಯಾ? ಹಿಂದೆ ಆಸರೆ ಇಲ್ದೆ?" ಎಂದು ಕೇಳಿ ಎದ್ದು ನಿಂತಳು. "ಮೈದುನರೇ, ಮ್ಯಾನೇಜರನ್ನ ಅಲ್ಲೇ ಬಿಡಿ. ಇವಳೇ ಆರಿಸ್ಲಿ."

ಚಿಕ್ಕಪ್ಪ ಜೇಬಿನಿಂದ ಕೈ ತೆಗೆದ. "ಹಾಡು ಅಂದ್ಕೊಂಡಿದ್ನಲ್ಲೇ ನಾನು! ಮೊದಲೇ ಬಾಯಿ ಬಿಡೋಕೇನಾಗಿತ್ತು ನಿನಗೆ?"

"ನೀವು ಬಿಡ್ತಿದ್ರಾ?" ಎಂದುಬಿಟ್ಟಳು ಗುಬ್ಬಿ. ಅಮ್ಮ ಗೊಳ್ಳನೆ ನಕ್ಕಳು.

ಅವಳು ಸಾಲುಸಾಲಾಗಿ ಕೂತು ನೋಡುತ್ತ ಹೋದಳು. ಸೀಟಿನಡಿಯ ಸನ್ನೆಕೋಲು ಒತ್ತಿ ಪೂರ್ತಿ ಕೆಳಗಿಳಿಸಿದಾಗ ಪಾದ ಚಪ್ಪಟೆಯಾಗಿ ನೆಲ ಮುಟ್ಟಬೇಕು. ಬೆನ್ನು ಒರಗಿಗೆ ತಾಗಿದ ಮೇಲೂ ಮಂಡಿಯ ಹಿಂದೆ ನಾಲ್ಕು ಬೆರಳು ಆಡುವಷ್ಟು ಜಾಗ ಬೇಕು. ಒರಗಿನ ಉಬ್ಬು ಸೊಂಟದ ಒಳಬಾಗಿಗೇ ಕೂರಬೇಕು. ಕುರ್ಚಿಯ ತೋಳುಗಳು ಮೇಜಿನಡಿ ನುಸುಳಬೇಕು. ಒಂದರಲ್ಲಿ ಸೀಟು ಉದ್ದ, ಇನ್ನೊಂದರ ಉಬ್ಬು ಹೆಗಲಿಗೆ ಚುಚ್ಚುತ್ತಿತ್ತು. ಕೊನೆಯ ಸಾಲಿನಲ್ಲಿ ಒರಗಿಗೆ ಬಲೆಬಟ್ಟೆ ಬಿಗಿದ ಒಂದು ಬೂದುಬಣ್ಣದ ಕುರ್ಚಿ ಸಿಕ್ಕಿತು. ಒಂದು ತೋಳು ತರಚಿತ್ತು. ಅವಳು ಅದನ್ನು ಆ ಮೇಜಿನ ಬಳಿಗೆಳೆದು ಕೂತು, ಪೆಡಲನ್ನು ಕಾಲಡಿಗೆ ತಂದುಕೊಂಡು ಕಣ್ಣು ಮುಚ್ಚಿದಳು. ಬಾಯಿಪಾಠವಾಗಿದ್ದ ಒಂದು ವರದಿಯನ್ನು ಬರೀ ಮೇಜಿನ ಮೇಲೆ ಬೆರಳಾಡಿಸಿ ಬರೆದಳು. ವರದಿ ಮುಗಿಯಿತು. ಬೆನ್ನು ಇದೆಯೆಂಬುದೇ ನೆನಪಾಗಿರಲಿಲ್ಲ.

"ಇದು" ಎಂದಳು.

ಚಿಕ್ಕಪ್ಪ ಕೂತು ನೋಡಿದ. ಅವನ ಮಂಡಿ ಎದೆಗೆ ಬಂತು. "ನನಗಾಗಲ್ಲ."

"ನಿಮಗಲ್ಲ ಚಿಕ್ಕಪ್ಪ, ನನಗೆ."

ಕರಿಯದರ ಅರ್ಧ ಬೆಲೆಯೂ ಇರಲಿಲ್ಲ. ಆದರೂ ಚೌಕಾಸಿ ಬಿಟ್ಟರೆ ಚಿಕ್ಕಪ್ಪನ ಮರ್ಯಾದೆ ಏನಾಗಬೇಕು? "ಯಾರು ಕೂರೋ ಕುರ್ಚಿ ಗೊತ್ತೇನಮ್ಮ ಇದು? ದೊಡ್ಡ ದೊಡ್ಡ ಡಾಕ್ಟರುಗಳನ್ನೇ ತಿದ್ದೋಳು ಇವಳು!"

"ತಿದ್ದಲ್ಲ ಚಿಕ್ಕಪ್ಪ, ಬರ್ಕೊಳ್ತೀನಿ ಅಷ್ಟೇ."

"ಸುಮ್ನಿರೇ, ವ್ಯಾಪಾರ ನಡೀತಿದೆ."

ತಿಂಗಳ ಕೊನೆಯ ದಿನ ಮೇಲ್ವಿಚಾರಕಿಯ ಫೋನು ಬಂತು. "ಒಂದೂ ವರದಿ ತಡ ಆಗಿಲ್ಲ. ನಮ್ಮಲ್ಲೊಬ್ಬರು ಸರ್ಜನ್ ಇದ್ದಾರೆ, ಬಾಯಲ್ಲಿ ಪೆನ್ನು ಕಚ್ಕೊಂಡೇ ಮಾತಾಡ್ತಾರೆ. ಅವರದ್ದನ್ನ ಯಾರೂ ಒಪ್ಕೊಳ್ತಿಲ್ಲ. ನಿನಗೆ ಕೊಡ್ಲಾ?"

"ಕೊಡಿ ಮೇಡಂ" ಎಂದಳು ಗುಬ್ಬಿ.

ಫೋನಿಟ್ಟು ತಿರುಗಿ ನೋಡಿದರೆ ಚಿಕ್ಕಪ್ಪ ಮಂಡಿಯನ್ನು ಹೇಗೋ ಮಡಚಿಕೊಂಡು, ಪೇಪರು ಹರವಿಕೊಂಡು ಅವಳ ಕುರ್ಚಿಯಲ್ಲಿ ಕೂತಿದ್ದ. ದೊಡ್ಡವರನ್ನು ಕೂತಲ್ಲಿಂದ ಎಬ್ಬಿಸಿದವಳಲ್ಲ ಅವಳು.

"ಏಳಿ ಚಿಕ್ಕಪ್ಪ. ಸರ್ಜನ್ ಕಾಯ್ತಿದಾರೆ."

ಅವನು ಹುಬ್ಬೇರಿಸಿ ಅವಳನ್ನೊಮ್ಮೆ ನೋಡಿ, ಪೇಪರು ಮಡಚಿ ಎದ್ದ. ಸೀಟಿನ ಮೇಲಿನ ಧೂಳನ್ನು, ಧೂಳೇ ಇಲ್ಲದಿದ್ದರೂ, ಅಂಗೈಯಿಂದ ಒರೆಸಿ ಕುರ್ಚಿಯನ್ನು ಅವಳತ್ತ ತಿರುಗಿಸಿ ನಿಲ್ಲಿಸಿದ. ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು ಅಮ್ಮನನ್ನು ಕೂಗಿದಳು. ಚಿಕ್ಕಪ್ಪ ತುಟಿಯ ಮೇಲೆ ಬೆರಳಿಟ್ಟುಕೊಂಡು ಹೊರಗೆ ಹೋದ. ಅವನ ಪಿಸುಮಾತು ಕಂಡಕ್ಟರನ ಪಿಸುಮಾತು, ಬೀದಿಯ ಆ ತುದಿಗೂ ಕೇಳುವಂತಿತ್ತು.

"ಮೆಲ್ಲಗೆ ಕಣಮ್ಮ. ನಮ್ಮ ಹುಡುಗಿ ಕೆಲಸಕ್ಕೆ ಕೂತಿದಾಳೆ."