ಡೇರಿ ಮುಂದೆ ಮೈಕು

ಸಂಜೆ ಹಾಲು ಹಾಕುವ ಹೊತ್ತಿಗೆ ಸರಿಯಾಗಿ ಊರಿನ ಮಹಿಳಾ ಡೇರಿ ಮುಂದೆ ಆ ವ್ಯಾನು ಬಂದು ನಿಂತಿತು. ನೆತ್ತಿಯ ಮೇಲೆ ಮೈಕು, ಪಕ್ಕಕ್ಕೆ ಆಳೆತ್ತರದ ಫ್ಲೆಕ್ಸು. ಫ್ಲೆಕ್ಸಿನಲ್ಲಿ ಕೆಂಪು ರಿಬ್ಬನ್ನು, ಅದರ ಪಕ್ಕದಲ್ಲಿ ಹಲ್ಲು ಬಿಟ್ಟು ನಗುತ್ತಿರುವ ಶೋಭಿತಾಳ ಮುಖ.

"ಬನ್ನಿ ಸೋದರಿಯರೇ, ಬನ್ನಿ! ಏಡ್ಸ್ ಪರೀಕ್ಷೆ ಮಾಡಿಸಿಕೊಳ್ಳಿ! ನಿಮ್ಮೂರಿನ ಯುವತಿಯರೇ ರೂಪಿಸಿದ ಕಾರ್ಯಕ್ರಮ!" ಎಂದು ಮೈಕು ಕೊಪ್ಪದ ರಸ್ತೆಯವರೆಗೂ ಕೇಳುವಂತೆ ಅರಚಿತು.

ಕ್ಯಾನು ಹಿಡಿದು ಬರುತ್ತಿದ್ದ ಶೋಭಿತಾ ಅಲ್ಲೇ ನಿಂತುಬಿಟ್ಟಳು. ಅಯ್ಯೋ ಇವರ ಮನೆ ಹಾಳಾಗ! ಏನು ಆಗಬಾರದು ಅಂತ ಹುಡುಗಿಯರೆಲ್ಲ ಬೇಸಿಗೆಯಿಡೀ ಕೂತು ಬಾಯಿ ನೋಯುವಷ್ಟು ಹೇಳಿದ್ದರೋ, ಅದನ್ನೇ ಸಂಸ್ಥೆಯವರು ಮಾಡಿದ್ದರು. ಅದೂ ಅವಳ ಮುಖವನ್ನೇ ಅಂಟಿಸಿ.

ಭಾರತೀನಗರದ ಕಾಲೇಜಿನಲ್ಲಿ ಕೊನೇ ವರ್ಷದ ಬಿ.ಎ. ಓದುತ್ತಿದ್ದ ಅವಳನ್ನೂ ಊರಿನ ಇನ್ನಷ್ಟು ಹೆಣ್ಣುಮಕ್ಕಳನ್ನೂ ಕೂಡಿಸಿದ್ದು ರಘುನಂದನ್. ಎಚ್‌ಐವಿ ತಡೆಯುವ ಕೆಲಸ ಮಾಡುವ ಒಂದು ಸಂಸ್ಥೆಯವನು. "ಕಾರ್ಯಕ್ರಮ ನಮ್ಮದಲ್ಲ, ನಿಮ್ಮದು. ನೀವು ಹೇಗೆ ಹೇಳ್ತೀರೋ ಹಾಗೆ" ಎಂದಿದ್ದ. ಅನಿಸಿದ್ದನ್ನು ಬರೆಯಲು ಬಣ್ಣದ ಚೀಟಿ ಕೊಟ್ಟ, ಟೀ ಬೋಂಡಾ ಕೊಟ್ಟ. ಮೊದಮೊದಲು ಯಾರೂ ಬಾಯಿ ಬಿಡಲಿಲ್ಲ. ಬಿಟ್ಟ ಮೇಲೆ ನಿಲ್ಲಿಸಲಿಲ್ಲ. ಆಸ್ಪತ್ರೆಯಲ್ಲಿ ಆ ಪರೀಕ್ಷೆಯ ಕೊಠಡಿ ಮುಂದೆ ನಿಂತರೆ ನಮಗಿಂತ ಮುಂಚೆ ಸುದ್ದಿ ಮನೆ ಸೇರಿರುತ್ತೆ ಅಂದಳೊಬ್ಬಳು. ಕಾಂಡೋಮ್ ಅಂತ ಬಾಯಲ್ಲಿ ಬಂದರೆ ಗಂಡ ಮೊದಲು ನಮ್ಮನ್ನೇ ಅನುಮಾನಿಸುತ್ತಾನೆ ಅಂದಳು ಇನ್ನೊಬ್ಬಳು. ಹಾಗಾದರೆ ಯಾಕೆ, ಎಲ್ಲಿಗೆ ಅಂತ ಯಾರೂ ಕೇಳದೆ ಹೆಂಗಸರು ಹೋಗುವ ಜಾಗ ಯಾವುದು? ಡೇರಿ! ಹಾಲು ಹಾಕೋಕೆ ಹೋಗುವವಳನ್ನು ಯಾವ ಗಂಡಸೂ ತಡೆಯುವುದಿಲ್ಲ.

ಅಲ್ಲಿಂದ ಯೋಜನೆ ತಾನಾಗಿ ಬೆಳೆಯಿತು. ಡೇರಿಯ ಒಳಗೆ, ಬೂಸಾ ಮೂಟೆಗಳ ಹಿಂದೆ ಪರದೆ. ನರ್ಸ್ ಅನು ಬಂದು ಎಲ್ಲರಿಗೂ ಮೈಯಲ್ಲಿ ರಕ್ತ ಎಷ್ಟಿದೆ ಅಂತ ಬೆರಳು ಚುಚ್ಚಿ ನೋಡುತ್ತಾಳೆ. ಆ ಇನ್ನೊಂದು ಪರೀಕ್ಷೆ ಬೇಕಾದವಳು ಅನು ಕಿವಿಯಲ್ಲಿ ಒಂದು ಮಾತು ಹೇಳಿದರೆ ಸಾಕು, ಅದೇ ಬೆರಳಿನ ಇನ್ನೊಂದು ಹನಿ. ಫಲಿತಾಂಶ ಆಮೇಲೆ, ಅವಳು ಹೇಳಿದ ಜಾಗದಲ್ಲಿ. ಒಬ್ಬಳು ಹೆಚ್ಚು ಹೊತ್ತು ಕೂತರೆ ಅನುಮಾನ ಬರುತ್ತೆ, ಅದಕ್ಕೆ ಎಲ್ಲರೂ ಅಷ್ಟೇ ಹೊತ್ತು ಕೂರಬೇಕು. ಯಾರು ಮಾಡಿಸಿಕೊಂಡರು ಅಂತ ಯಾರೂ ಯಾರನ್ನೂ ಕೇಳಬಾರದು ಎಂದಳು ಶೋಭಿತಾ. ಬೋರ್ಡು ಬೇಡ, ಫೋಟೊ ಬೇಡ, ಮೈಕಂತೂ ಬೇಡವೇ ಬೇಡ.

"ಅತ್ತೆಯಂದಿರು ಒಪ್ತಾರಾ?" ಎಂದು ರಘುನಂದನ್ ಕೇಳಿದಾಗ ಮೋಹಿನಿ ಕಿಸಕ್ಕನೆ ನಕ್ಕಿದ್ದಳು. "ದಿನಾ ನಿನ್ ಹಾಲ್ಗೆ ಫ್ಯಾಟು ಎಷ್ಟು ಬಂತು, ನನ್ ಹಾಲ್ಗೆ ಎಷ್ಟು ಬಂತು ಅಂತ ಕಿತ್ತಾಡ್ತರಲ್ಲ ಸಾರ್, ರಕ್ತಕ್ಕೂ ಅಂಗೇಯ. ಅವ್ರೇ ಮೊದ್ಲು ಬತ್ತರೆ, ನೋಡ್ತಿರಿ."

ಮೋಹಿನಿ ಶೋಭಿತಾಳ ಬಾಲ್ಯದ ಗೆಳತಿ. ಅದೇ ಊರಿನ ಸಿದ್ದೇಶನಿಗೆ ಕೊಟ್ಟಿದ್ದರು. ಅವನು ಜೆಸಿಬಿ ಓಡಿಸುತ್ತ ಹುಬ್ಬಳ್ಳಿ ಕಡೆ ಇರುತ್ತಾನೆ, ಆಗೊಮ್ಮೆ ಈಗೊಮ್ಮೆ ಮನೆಗೆ ಬರುತ್ತಾನೆ. ಅವತ್ತು ಸಭೆ ಮುಗಿದ ಮೇಲೆ ಮೋಹಿನಿ ಗೆಳತಿಯನ್ನು ಪಕ್ಕಕ್ಕೆ ಎಳೆದಿದ್ದಳು. ಆಗ ಮುಖದಲ್ಲಿ ನಗು ಇರಲಿಲ್ಲ.

"ಅವ್ರ ಬ್ಯಾಗಲ್ಲಿ ಮಾತ್ರೆ ಡಬ್ಬಿ ಅದೆ ಕಣೇ. ಮೇಲಿನ್ ಚೀಟಿ ಕೆರೆದಾಕವ್ರೆ. ಕೇಳುದ್ರೆ ಗ್ಯಾಸ್ಟ್ರಿಕ್ಕು ಅಂತರೆ. ಗ್ಯಾಸ್ಟ್ರಿಕ್ ಮಾತ್ರೆಗೆ ಚೀಟಿ ಯಾಕೆ ಕೆರೀಬೇಕು, ಯೋಳು?"

"ಡೇರಿಲಿ ಸುರುವಾಗ್ಲಿ, ಅವತ್ತೇ ಮಾಡುಸ್ಕೊ" ಎಂದಿದ್ದಳು ಶೋಭಿತಾ. "ಬೇಗ ಗೊತ್ತಾದ್ರೆ ಎಲ್ಲಕ್ಕೂ ದಾರಿ ಅದೆ ಅಂತ ಅನು ಅಕ್ಕನೇ ಯೋಳವ್ಳೆ. ಒಂದು ನೊಣಕ್ಕೂ ಗೊತ್ತಾಗಕ್ಕಿಲ್ಲ. ನನ್ನಾಣೆ."

ಆ ಆಣೆ ಈಗ ಮೈಕಿನಲ್ಲಿ ಹರಾಜಾಗುತ್ತಿತ್ತು. ಹಾಲು ತಂದ ಹೆಂಗಸರೆಲ್ಲ ಹೊಂಗೆ ಮರದ ಕೆಳಗೆ ದೂರವೇ ನಿಂತಿದ್ದರು. ಅವರ ನಡುವೆ ಅತ್ತೆ ಅಂಕಮ್ಮನ ಬೆನ್ನ ಹಿಂದೆ ಮೋಹಿನಿ ತಲೆ ಬಗ್ಗಿಸಿಕೊಂಡಿದ್ದಳು. ಒಂದು ಸಲ ತಲೆಯೆತ್ತಿ ಶೋಭಿತಾಳನ್ನು ನೋಡಿದಳು, ಅಷ್ಟೇ.

ಕ್ಯಾನನ್ನು ದಡಾರನೆ ಇಟ್ಟವಳೇ ವ್ಯಾನಿಗೆ ನುಗ್ಗಿ ಮೈಕಿನ ವಯರು ಕಿತ್ತಳು. ಒಳಗೆ ಅನು ಮುಖ ಸಣ್ಣ ಮಾಡಿಕೊಂಡು ಕೂತಿದ್ದಳು. "ನಂಗೂ ಈಗ್ಲೇ ಗೊತ್ತಾಗಿದ್ದು ಕಣಮ್ಮ" ಎಂದಳು.

"ಶೋಭಿತಾ ಅವರೇ, ಏನಿದು?" ರಘುನಂದನ್ ಓಡಿಬಂದ.

"ನಾನ್ ಕೇಳ್ಬೇಕು ಸಾರ್ ಏನಿದು ಅಂತ! ಬೇಡ ಅಂದಿದ್ದೇ ಮೈಕು, ಬೇಡ ಅಂದಿದ್ದೇ ಫೋಟೊ. ಬೋಂಡಾ ತಿನ್ಸಿ ನಮ್ ಬಾಯ್ ಬುಡಿಸಿದ್ದು ಇದಕ್ಕಾ?"

"ಮೇಲಿನವರಿಗೆ ಕಾರ್ಯಕ್ರಮ ಕಣ್ಣಿಗೆ ಕಾಣಬೇಕಂತೆ. ಆಮೇಲೆ ನೋಡಿ, ಹೀಗೆ ಮುಚ್ಚಿಟ್ಟರೆ ಕಳಂಕ ಹೋಗೋದು ಹೇಗೆ? ಧೈರ್ಯವಾಗಿ ಹೊರಗೆ ಬರಬೇಕು..."

"ಧೈರ್ಯ ಬೇಕಾದ್ರೆ ನಿಮ್ ಮನೆ ಎಣ್ಮಕ್ಕಳ ಫೋಟೊ ಆಕ್ಸಿ! ಒದೆ ತಿನ್ನೋರು ನಾವು, ಮನೆ ಬಿಟ್ಟು ಓಡುಸ್ಕೊಳ್ಳೋರು ನಾವು. ನಮ್ ಧೈರ್ಯನ ನೀವ್ಯಾಕ್ರೀ ಅಳೀತೀರಾ? ನಾವು ಯೋಳಿದ್ದು ಬರೀ ನಿಮ್ಮ ಚೀಟಿಗಾ?"

ಅಷ್ಟರಲ್ಲಿ ಮರದ ಕೆಳಗಿಂದ ಅಂಕಮ್ಮನ ದನಿ ಬಂತು.

"ಏನಮ್ಮಿ ಸೋಭಿ, ನಿನ್ ಪಟ ಆಕವ್ರೆ. ನಿಂಗದೆಯಾ ಆ ಕಾಯಿಲೆ?"

ಥೂ, ನಂಗ್ಯಾಕೆ ಬಂದಾತು ಅಂತ ಉಗಿಯೋ ಮಾತು ಶೋಭಿತಾಳ ನಾಲಿಗೆ ತುದಿಗೇ ಬಂದಿತ್ತು. ಮದುವೆಗೆ ಬಂದ ಹುಡುಗಿ, ಹಾಗೆ ಅಂದಿದ್ದರೆ ಅವತ್ತಿಗೆ ಬಚಾವು. ಆದರೆ ಮೋಹಿನಿ ಉಸಿರು ಹಿಡಿದು ಅವಳ ಬಾಯನ್ನೇ ನೋಡುತ್ತಿದ್ದಳು. ಆ ಥೂ ಬೀಳುವುದು ಯಾರ ಮೇಲೆ ಅಂತ ಶೋಭಿತಾಳಿಗೆ ಗೊತ್ತಿತ್ತು.

"ಇದ್ರೇನಂತೆ ಅಂಕತ್ತೆ? ಇದ್ರೆ ದಿನಾ ಮಾತ್ರೆ ನುಂಗ್ಬುಟ್ಟು ನಿನ್ನಂಗೇ ಹಾಲು ಆಕಕ್ಕೆ ಬತ್ತೀನಿ. ಇಲ್ದಿದ್ರೂ ಬತ್ತೀನಿ. ನನ್ ಕ್ಯಾನ್ಗೇ ಬಾಯಾಕಿ ಕುಡುದ್ರೂ ನಿನ್ ಮೂತಿಗೆ ಅಂಟಾದು ಹಾಲೇಯ, ಕಾಯಿಲೆಯಲ್ಲ."

ಯಾರೋ ಪಕ್ಕನೆ ನಕ್ಕರು. ಡೇರಿಯ ಕಾರ್ಯದರ್ಶಿ ದೇವಿರಮ್ಮ ಅಷ್ಟರಲ್ಲಿ ಬಾಗಿಲಿಗೆ ಬಂದಿದ್ದಳು. ಶೋಭಿತಾಳ ಅವ್ವ. ಮಗಳ ಮುಖ ನೋಡಿದಳು, ಫ್ಲೆಕ್ಸಿನ ಮುಖ ನೋಡಿದಳು, ಗೋಡೆಗೆ ಸಿಕ್ಕಿಸಿದ್ದ ಕುಡುಗೋಲು ತಗೊಂಡು ಹೋಗಿ ಹಗ್ಗವನ್ನು ಕಚಕ್ಕನೆ ಕುಯ್ದಳು. ಫ್ಲೆಕ್ಸು ಮಗುಚಿ ಬಿತ್ತು.

"ಲೇ ಡ್ರೈವರಪ್ಪಾ, ಗಾಡಿ ತೆಗೆದು ಸ್ಕೂಲ್ ತಾವ ನಿಲ್ಸಪ್ಪ. ಏ ಅನು, ಒಳೀಕೆ ಬಾ" ಎಂದಳು. "ಮೊದ್ಲು ನನ್ ಬೆರಳು ಚುಚ್ಚು."

ಬೂಸಾ ಮೂಟೆಗಳ ಹಿಂದೆ ಹಳೇ ಸೀರೆಯೊಂದನ್ನು ಪರದೆ ಕಟ್ಟಿ, ಅವ್ವ ಮಗಳು ಇಬ್ಬರೂ ಒಬ್ಬರಾದ ಮೇಲೊಬ್ಬರು ಅದರ ಹಿಂದೆ ಕೂತು ಬಂದರು. ಹೊರಗೆ ಬಂದ ದೇವಿರಮ್ಮ ತೂಕದ ಮಿಷನ್ನಿನ ಪಕ್ಕ ನಿಂತು ಕೂಗಿದಳು. "ನಂಗೆ ಅನ್ನೊಂದೂವರೆ ಬಂತು ಕಣ್ರವ್ವಾ ರಕ್ತ! ಅದ್ರ ಮೇಲೆ ಯಾರ್ಗನ್ನ ಬತ್ತದಾ?"

ಮರದ ಕೆಳಗಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅನ್ನೊಂದೂವರೆ ಒಂದು ರಕ್ತವೇ?" ಎಂದಳು ಅಂಕಮ್ಮ. ಊರಿನಲ್ಲೇ ಹೆಚ್ಚು ಫ್ಯಾಟಿನ ಹಾಲು ಅವಳದು, ಆ ಜಂಬ ಊರಿಗೆಲ್ಲ ಗೊತ್ತು. "ನಮ್ಮನೇದು ನೋಡಿವ್ರಂತೆ, ನಡೀರಿ. ಬಾರೇ ಮೋಹಿನಿ, ನೀನೂ ಬಾ. ಸೊಸೆಗೆ ರಕ್ತ ಇಲ್ಲ, ಅದ್ಕೇ ಮಕ್ಕಳಾಗಿಲ್ಲ ಅಂತ ಆಡ್ಕೊಂಡೋರ ಬಾಯಿ ಮುಚ್ಚುಸ್ತೀನಿ."

ಅತ್ತೆಯೇ ಸೊಸೆಯ ರಟ್ಟೆ ಹಿಡಿದು ಒಳಕ್ಕೆ ತಂದಳು. ಹಿಂದೆಯೇ ಮಿಕ್ಕವರೂ ಬಂದರು. ರಘುನಂದನ್ ಬಾಗಿಲಲ್ಲಿ ನಿಂತು ಮೊಬೈಲು ಎತ್ತಿದ. ಶೋಭಿತಾ ಕ್ಯಾಮೆರಾಕ್ಕೆ ಅಡ್ಡ ಕೈಯಿಟ್ಟಳು.

"ಸಾಲು ಇಷ್ಟುದ್ದ ಇದೆ, ಒಂದೇ ಒಂದು ಫೋಟೊ..."

"ಕ್ಯಾನಲ್ಲಿರೋ ಹಾಲು ನಿಮ್ ತಲೆ ಮೇಲೆ ಸುರೀತೀನಿ."

ಅವನು ಮೊಬೈಲು ಜೇಬಿಗೆ ಹಾಕಿಕೊಂಡ. ಆಮೇಲೆ ಮೆಲ್ಲಗೆ, "ಅಷ್ಟಕ್ಕೂ ಆ ಪರೀಕ್ಷೆ ಮಾಡಿಸಿಕೊಂಡವರು ಯಾರ್ಯಾರು ಅಂತಾದರೂ?" ಎಂದ. ಶೋಭಿತಾ ಅವನಿಗೆ ಬೆನ್ನು ಹಾಕಿ ಸಾಲಿನ ಕಡೆ ನಡೆದಳು.

ಅಂಕಮ್ಮ ಹನ್ನೆರಡು ಬಂತೆಂದು ಸಾರುತ್ತಾ ಹೊರಬಂದಳು. ಮೋಹಿನಿ ಪರದೆಯ ಹಿಂದೆ ಎಲ್ಲರಷ್ಟೇ ಹೊತ್ತು ಕೂತು, ಎಲ್ಲರ ಹಾಗೇ ಬೆರಳಿಗೆ ಹತ್ತಿ ಒತ್ತಿಕೊಂಡು ಬಂದಳು. ಹೇಳಿದೆಯಾ ಅನು ಕಿವಿಯಲ್ಲಿ ಎಂದು ಕೇಳಲು ಶೋಭಿತಾಳ ಜೀವ ತಹತಹಿಸುತ್ತಿತ್ತು. ಕೇಳಬಾರದೆಂಬ ನಿಯಮ ಮಾಡಿದವಳು ಅವಳೇ.

"ಕ್ಯಾನು ಕೊಡೇ, ತೊಳ್ಕೊಡ್ತೀನಿ" ಎಂದಷ್ಟೇ ಗೆಳತಿಗೆ ಹೇಳಿದಳು.