ಇಕ್ಕಳದ ಹಲ್ಲು

"ಕಡೀಬ್ಯಾಡ್ರಿ! ತಡೀರಿ, ನಾ ಬಿಚ್ತೀನಿ!"

ಸಿಂಧನೂರಿನ ಮೊದಲ ಬಸ್ಸಿನಿಂದ ಇಳಿದ ಚಾಂದ್‌ಪಾಷಾ ಮಸ್ಕಿಯ ಬಜಾರದುದ್ದಕ್ಕೂ ಓಡಿಕೊಂಡೇ ಬಂದಿದ್ದ. ರೇಡಿಯೊ ರಿಪೇರಿ ಗ್ಯಾನಪ್ಪನ ಮನೆಯ ಮಾಳಿಗೆಯ ಮೇಲೆ ಗ್ಯಾನಪ್ಪನ ಅಣ್ಣ ಅಂಬಪ್ಪ ಕುಡಗೋಲು ಎತ್ತಿ ನಿಂತಿದ್ದ. ಏರಿಯಲ್ ತಂತಿಗೆಂದು ನಿಲ್ಲಿಸಿದ್ದ ಎರಡು ಬಿದಿರು ಗಳಗಳಲ್ಲಿ ಒಂದು ಆಗಲೇ ಅಂಗಳದಲ್ಲಿ ಮಲಗಿತ್ತು. ಗ್ಯಾನಪ್ಪನ ಚಟ್ಟ ಕಟ್ಟಲು ಇನ್ನೊಂದು ಬೇಕಾಗಿತ್ತು. ಅದಕ್ಕೆ ಬಿಗಿದ ತಂತಿಯ ಗಂಟು ಯಾರ ಕೈಗೂ ಬಗ್ಗಿರಲಿಲ್ಲ.

ಅಂಬಪ್ಪ ಕೆಳಗೆ ಬಗ್ಗಿ ನೋಡಿದ. "ಯಾರಲೇ ಅವ? ಓಹೋ, ಚಾಂದ. ಬಂದೆಲ್ಲಪಾ ಅಂತೂ. ಒಂಬತ್ತು ವರ್ಷ ಆತು ನೀ ಈ ಹೊಸ್ತಿಲ ತುಳಿದು. ಅಂವ ಕಣ್ಣು ಮುಚ್ಚಿದ ಮ್ಯಾಲೆ ಬಂದಿ."

ಚಾಂದ್‌ಪಾಷಾ ಏಣಿ ಹತ್ತಿದ. ಆ ಗಂಟು ಹಾಕಿದವನು ಅವನೇ, ಹದಿನೈದರ ವಯಸ್ಸಿನಲ್ಲಿ. ಕಲಿಸಿದವನು ಗ್ಯಾನಪ್ಪ. ಗಾಳಿ ಬೀಸಿದಷ್ಟೂ ಬಿಗಿಯಾಗುವ ಗಂಟು ಅದು. ಒಂದು ತುದಿ ಹಿಡಿದು ಎಳೆದರೆ ಮಾತ್ರ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ಎಳೆಯಬೇಕಾದ ತುದಿ ಯಾವುದೆಂದು ಊರಲ್ಲಿ ಇಬ್ಬರಿಗೇ ಗೊತ್ತಿತ್ತು. ಅವನು ಎಳೆದ. ತಂತಿ ಸುರುಳಿಯಾಗಿ ಕಾಲ ಬಳಿ ಬಿತ್ತು.

"ನೋಡಪಾ," ಎಂದ ಅಂಬಪ್ಪ, ಕುಡಗೋಲು ಇಳಿಸಿ. "ನಾವು ಮೂರು ಮಂದಿ ಬೆಳಗಿನಿಂದ ಜಗ್ಗಾಡಾಕತ್ತೀವಿ."

ಒಳಗೆ ಪಡಸಾಲೆಯಲ್ಲಿ ಗ್ಯಾನಪ್ಪ ಮಲಗಿದ್ದ. ನಿನ್ನೆ ಮಧ್ಯಾಹ್ನ ಕೆಲಸದ ಮಣೆಯ ಮುಂದೆ ಕೂತವನು ಎದೆ ಹಿಡಿದುಕೊಂಡು ಹಾಗೇ ಮುಂದಕ್ಕೆ ಬಾಗಿದ್ದನಂತೆ. ಬಲಗೈಯ ಹೆಬ್ಬೆರಳಿನ ಮೇಲೆ ಬೆಸುಗೆಯ ಸೀಸ ಸಿಡಿದ ಹೊಸ ಗಾಯವಿತ್ತು. ಚಾಂದ್‌ಪಾಷಾ ಅದನ್ನು ಬಗ್ಗಿ ನೋಡಿದ. ಗಾಯ ಹೇಗಾಯಿತು, ಯಾವ ಕೆಲಸದಲ್ಲಿ ಆಯಿತು ಎಂಬುದು ಅವನಿಗೆ ಗೊತ್ತಿತ್ತು.

ತಲೆಯ ಬಳಿ ಕೂತಿದ್ದ ಗ್ಯಾನಪ್ಪನ ಹೆಂಡತಿ ಕನಕಮ್ಮ, "ಬಂದ್ಯಾ ಚಾಂದ," ಎಂದಳು. ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

*

ಕಾಲುವೆ ಬರುವ ಮೊದಲು ಮಸ್ಕಿಯಲ್ಲಿ ರೇಡಿಯೊ ಇದ್ದದ್ದು ನಾಲ್ಕು ಮನೆಗಳಲ್ಲಿ. ನಾಲ್ಕಕ್ಕೂ ಗ್ಯಾನಪ್ಪನೇ ವೈದ್ಯ. ನಿಜಾಮನ ಕಾಲದಲ್ಲಿ ಹೈದರಾಬಾದಿನ ಅಂಗಡಿಯೊಂದರಲ್ಲಿ ಕಸ ಹೊಡೆಯುತ್ತಲೇ ವಿದ್ಯೆ ಕದ್ದು ಬಂದವನು. ಆಗಿನ ರೇಡಿಯೊ ಅಂದರೆ ತಿಜೋರಿಯಷ್ಟು ದೊಡ್ಡ ಪೆಟ್ಟಿಗೆ, ಒಳಗೆ ಗಾಜಿನ ಬುರುಡೆಯಂಥ ಐದಾರು ವಾಲ್ವು. ಗುಂಡಿ ತಿರುಗಿಸಿದರೆ ವಾಲ್ವು ಮೆಲ್ಲಗೆ ಕೆಂಪಗಾಗಿ, ಕಾದು, ಆಮೇಲೆ ಮಾತು. ಅಷ್ಟು ಹೊತ್ತು ಜನ ಬಾಯಿ ಮುಚ್ಚಿ ಕೂರುತ್ತಿದ್ದರು. ಆ ಮೌನವೆಂದರೆ ಗ್ಯಾನಪ್ಪನಿಗೆ ಪಂಚಪ್ರಾಣ.

"ಕಾಯದ ರೇಡಿಯೊ ರೇಡಿಯೊನೇ ಅಲ್ಲಲೇ," ಎನ್ನುತ್ತಿದ್ದ.

ಅವನ ಬೆಸುಗೆ ಸಲಾಕೆಯೂ ಹಾಗೆಯೇ. ತಾಮ್ರದ ತಲೆಯ ಭಾರಿ ಸಲಾಕೆ, ಇದ್ದಿಲ ಶೇಗಡಿಯಲ್ಲಿ ಕಾಯಿಸುವುದು. ವಾಲ್ವಿನ ಸೆಟ್ಟು ಗಟ್ಟಿಪಿಂಡ, ಎಷ್ಟು ಕಾವಾದರೂ ತಡೆಯುತ್ತಿತ್ತು.

ಅಷ್ಟರಲ್ಲಿ ತುಂಗಭದ್ರೆಯ ನೀರು ಸಿಂಧನೂರಿನ ಎರೆಹೊಲಗಳಿಗೆ ಬಂತು. ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡರು. ಎರಡು ಬೆಳೆ ಭತ್ತ ಕಂಡವರ ಹೆಗಲಿಗೆ ಟ್ರಾನ್ಸಿಸ್ಟರ್ ರೇಡಿಯೊ ಬಂತು. ಗೊರೇಬಾಳದ ಕಡೆಯ ರೈತನೊಬ್ಬ ಕೆಟ್ಟ ಟ್ರಾನ್ಸಿಸ್ಟರೊಂದನ್ನು ಗ್ಯಾನಪ್ಪನ ಮುಂದೆ ಇಟ್ಟಾಗ ಗ್ಯಾನಪ್ಪ ಅದನ್ನು ಅಂಗೈಯಲ್ಲಿ ತೂಗಿ ನೋಡಿ ನಕ್ಕ.

"ಇದು ಮಕ್ಕಳಾಟಿಗಿ. ಬಿಸಿ ಇಲ್ಲ, ಬೆಳಕಿಲ್ಲ. ಒಯ್ರಿ."

ಚಾಂದ್‌ಪಾಷಾ ಆಗ ಇಪ್ಪತ್ತಮೂರರ ಗಂಡಸು. "ಉಸ್ತಾದ್, ಇನ್ನ ಮುಂದ ಎಲ್ಲಾ ಇದರಾಗೇ ಬರ್ತಾವಂತ. ವಾಲ್ವು ಮಾಡೋ ಕೆಲಸ ಒಳಗಿನ ಈ ಟ್ರಾನ್ಸಿಸ್ಟರ್ ಅನ್ನೋ ಕಾಳಿನಷ್ಟು ಚೂರು ಮಾಡ್ತೈತಿ. ನಾನೊಂದು ಆರು ತಿಂಗಳು ಹೈದರಾಬಾದಿಗೆ ಹೋಗಿ ಕಲಿತು ಬರ್ತೀನ್ರಿ," ಎಂದ.

ಗ್ಯಾನಪ್ಪನ ಮುಖ ಬಿಗಿಯಿತು. ಮನೆಯ ಮುಂಭಾಗದ ಅಂಗಡಿಯಲ್ಲಿ ಐದಾರು ಜನ ಗಿರಾಕಿಗಳಿದ್ದರು. "ಕೇಳ್ರಿ ಇವನ ಮಾತು," ಎಂದು ಅವರ ಕಡೆ ತಿರುಗಿದ. "ಎಂಟು ವರ್ಷ ನನ್ನ ಹತ್ತರ ಇದ್ದಾನ. ಇನ್ನಾ ನೆಟ್ಟಗ ಒಂದು ಬೆಸಗಿ ಹಾಕಾಕ ಬರಂಗಿಲ್ಲ. ಇವ ಹೈದರಾಬಾದಿಗೆ ಹೊಂಟಾನ!"

ಗಿರಾಕಿಗಳು ನಕ್ಕರು. ಚಾಂದ್‌ಪಾಷಾ ಕೈಯಲ್ಲಿದ್ದ ಸಲಾಕೆಯನ್ನು ಶೇಗಡಿಯಲ್ಲಿಟ್ಟು, ಚಪ್ಪಲಿ ಮೆಟ್ಟಿ ಹೊರಟವನು ಹೈದರಾಬಾದಿನಲ್ಲಿ ಕಲಿತು ಸಿಂಧನೂರಿನಲ್ಲಿ ಸ್ವಂತ ಅಂಗಡಿ ಇಟ್ಟ. ಆ ಮನೆಗೆ ಮತ್ತೆ ಬಂದದ್ದು ಈವತ್ತೇ.

*

ಹೆಣ ಎತ್ತಲು ಲಿಂಗಸುಗೂರಿನಿಂದ ಬರುವ ನೆಂಟರಿಗಾಗಿ ಕಾಯುತ್ತಿದ್ದರು. ಅಂಗಳದ ಬೇವಿನ ಕೆಳಗೆ ಬಸ್ ಕಂಡಕ್ಟರ್ ರಾಮಣ್ಣ ಬೀಡಿ ಹಚ್ಚಿ ಚಾಂದ್‌ಪಾಷಾನ ಪಕ್ಕ ಕೂತ. ನಿನ್ನೆ ಸಂಜೆ ಸಿಂಧನೂರಿಗೆ ಸುದ್ದಿ ಮುಟ್ಟಿಸಿದವನು ಅವನೇ.

"ಒಂದು ಮಾತು ಹೇಳ್ಲೇನು? ಎರಡು ವರ್ಷದಿಂದ ತಿಂಗಳಾ ನಿನ್ನ ಅಂಗಡಿಗೆ ಚೀಟಿ ತರ್ತಿದ್ನೆಲ್ಲ, ಲಿಂಗಸುಗೂರಿನ ಗೆಳೆಯಾಗ ಒಂದು ಟ್ರಾನ್ಸಿಸ್ಟರ್ ಕಾಳು ಬೇಕು ಅಂತ. ಗೆಳೆಯಾ ಇಲ್ಲ, ಗಿಳೆಯಾ ಇಲ್ಲ. ಎಲ್ಲಾ ನಿಮ್ಮ ಉಸ್ತಾದಗ."

ಚಾಂದ್‌ಪಾಷಾ ನೆಲ ನೋಡುತ್ತ, "ನನಗ ಗೊತ್ತಿತ್ತು," ಎಂದ.

"ಗೊತ್ತಿತ್ತಾ?"

"ಮೊದಲನೇ ಚೀಟಿಗೇ ಗೊತ್ತಾತು. ಉಸ್ತಾದ್ರ ಅಕ್ಷರ ನನಗ ತಿಳಿಯಂಗಿಲ್ಲೇನು?"

ರಾಮಣ್ಣ ಬೀಡಿ ಬಾಯಿಂದ ತೆಗೆದ. "ಹಂಗಾದ್ರ ಆಮ್ಯಾಲಿನ ಒಂದು ಚೀಟಿಯಾಗ ಅಂವ 'ಹಚ್ಚಿದ್ದೆಲ್ಲ ಸಾಯಾಕತ್ತಾವ, ಯಾಕ?' ಅಂತ ಕೇಳಿದ್ನೆಲ್ಲ. ನೀ ನನಗ ಏನಂದಿ?"

ಏನಂದಿದ್ದನೋ ಅದು ಚಾಂದ್‌ಪಾಷಾನಿಗೆ ಅಕ್ಷರಶಃ ನೆನಪಿತ್ತು. "ಕಲಿಯೋರು ತಾವೇ ಬಂದು ಕೇಳಬೇಕು ಅಂತ ಹೇಳು," ಎಂದಿದ್ದ. ಎಂಟು ವರ್ಷ ಬೆಸುಗೆ ಬರದವನ ಹತ್ತಿರ ಬೆಸುಗೆ ಕಲಿಯಲು ಬರಲಿ ಎಂಬ ಸೊಕ್ಕು. ಹೇಳಬೇಕಾಗಿದ್ದದ್ದು ಒಂದೇ ಮಾತು. ಟ್ರಾನ್ಸಿಸ್ಟರಿಗೆ ಕಾವು ಆಗುವುದಿಲ್ಲ. ಬೆಸುಗೆ ಹಾಕುವಾಗ ಅದರ ಸಣ್ಣ ತಂತಿಯ ಕಾಲನ್ನು ಇಕ್ಕಳದಿಂದ ಹಿಡಿದಿರಬೇಕು. ಕಾವೆಲ್ಲ ಇಕ್ಕಳಕ್ಕೆ ಇಳಿಯುತ್ತದೆ, ಮೇಲಿನ ತಲೆ ಉಳಿಯುತ್ತದೆ. ಇಷ್ಟನ್ನು ಚೀಟಿಯ ಹಿಂದೆ ಬರೆದಿದ್ದರೆ ಮುಗಿದುಹೋಗುತ್ತಿತ್ತು. ಅವನು ಬರೆಯಲಿಲ್ಲ. ತಿಂಗಳು ತಿಂಗಳು ಹೊಸ ಕಾಳನ್ನು ಕಾಗದದಲ್ಲಿ ಸುತ್ತಿ ಕಳಿಸುತ್ತ ಹೋದ, ಅದು ಮಸ್ಕಿಯಲ್ಲಿ ಸಾಯುತ್ತದೆಂದು ಗೊತ್ತಿದ್ದೂ.

ಹೋದ ತಿಂಗಳು ಹೈದರಾಬಾದಿನ ವ್ಯಾಪಾರಿಯೊಬ್ಬ ಉಗುರಿನಷ್ಟು ಕರೀ ಚೂರೊಂದನ್ನು ಅವನಿಗೆ ತೋರಿಸಿದ್ದ. ಹತ್ತು ಟ್ರಾನ್ಸಿಸ್ಟರುಗಳು ಇದರೊಳಗೇ ಇವೆ ಎಂದಿದ್ದ. "ಇದೆಲ್ಲಾ ನಿಲ್ಲಂಗಿಲ್ಲ ಬಿಡ್ರಿ," ಎಂದು ಚಾಂದ್‌ಪಾಷಾ ಕೈಯಾಡಿಸಿ ನಕ್ಕಿದ್ದ. ನಕ್ಕ ಮೇಲೆ ಅದು ಯಾರ ನಗೆ ಎಂದು ಹೊಳೆದು ಬೆವತಿದ್ದ. ಆವತ್ತೇ ಮಸ್ಕಿಯ ಬಸ್ಸು ಹತ್ತಬೇಕಿತ್ತು. ನಾಳೆ ಹೋದರಾಯಿತು, ಮುಂದಿನ ಸೋಮವಾರ ಹೋದರಾಯಿತು ಎಂದು ದಿನ ನೂಕಿದ.

"ನಿನ್ನ ಮಾತು ಅವನಿಗೆ ಮುಟ್ಟಿಸಿದ್ದೆ," ಎಂದ ರಾಮಣ್ಣ. "ಸಿಟ್ಟಿಗೇಳ್ತಾನ ಅಂದ್ಕೊಂಡಿದ್ದೆ. 'ಖರೇ ಐತಿ ಅಂವ ಅಂದದ್ದು' ಅಂದ. ಹೋದ ಶ್ರಾವಣದಾಗ ಮಡಿ ಧೋತರ ಉಟ್ಟು ನನ್ನ ಬಸ್ಸಿನಾಗೇ ಸಿಂಧನೂರಿಗೆ ಬಂದ. ನಿನ್ನ ಅಂಗಡಿಗೆ ಬರಲಿಲ್ಲೇನು?"

*

ಬಂದಿದ್ದ, ರಸ್ತೆಯ ಆಚೆಯ ತನಕ.

ಅಂದು ಚಾಂದ್‌ಪಾಷಾ ಒಂದು ಸೆಟ್ಟಿಗೆ ಬೆಸುಗೆ ಹಾಕುತ್ತ ಕೂತಿದ್ದ. ತಲೆ ಎತ್ತಿದರೆ ಎದುರಿನ ಚಹದಂಗಡಿಯ ತಟ್ಟಿಯ ಕೆಳಗೆ ಮಡಿ ಧೋತರ, ಕಂಕುಳಲ್ಲಿ ಕೊಡೆ. ಉಸ್ತಾದ್! ಎದ್ದು ಅವನ ಬಳಿಗೆ ಓಡಬೇಕೆನಿಸಿತು. ಆದರೆ ಏಳಲಿಲ್ಲ. ದಾಟಿ ಬರಲಿ, ಇನ್ನು ಹತ್ತು ಹೆಜ್ಜೆ, ಬಾಯಿ ಬಿಟ್ಟು 'ಚಾಂದ' ಅನ್ನಲಿ, ಆಮೇಲೆ ಕಾಲಿಗೇ ಬಿದ್ದರಾಯಿತು ಎಂದುಕೊಂಡು ತಲೆ ತಗ್ಗಿಸಿ, ಕಾಣದವನಂತೆ ಇಕ್ಕಳ ಹಿಡಿದು ಕೆಲಸ ಮುಂದುವರಿಸಿದ. ನಡುವೆ ಭತ್ತದ ಲಾರಿಗಳು ಸಾಲಾಗಿ ಹೋದವು. ಎರಡು ಬೆಸುಗೆ, ಮೂರು ಬೆಸುಗೆ. ಉಸ್ತಾದ್ ಕಣ್ಣು ಕಿರಿದು ಮಾಡಿ ತನ್ನ ಕೈಯನ್ನೇ ನೋಡುತ್ತಿದ್ದಾನೆಂದು ಅವನಿಗೆ ಗೊತ್ತಾಗುತ್ತಿತ್ತು. ಮತ್ತೆ ತಲೆ ಎತ್ತಿದಾಗ ತಟ್ಟಿಯ ಕೆಳಗೆ ಯಾರೂ ಇರಲಿಲ್ಲ.

*

ಮಣ್ಣಿಗೆ ಊರಿನ ಅರ್ಧ ಜನ ಬಂದಿದ್ದರು. ಕುಣಿಯಲ್ಲಿ ಇಳಿಸಿದ ಮೇಲೆ ಅಂಬಪ್ಪ ತಮ್ಮನ ಇಷ್ಟದ ವಸ್ತುಗಳನ್ನು ಒಂದೊಂದಾಗಿ ಪಕ್ಕದಲ್ಲಿಟ್ಟ. ಎಲೆಅಡಿಕೆಯ ಚೀಲ, ಕನ್ನಡಕ, ತಾಮ್ರದ ತಲೆಯ ಸಲಾಕೆ. ಕೊನೆಗೆ ಅರ್ಧ ಮುಗಿದ ಪುಟ್ಟ ರೇಡಿಯೊ ಪೆಟ್ಟಿಗೆಯೊಂದನ್ನು ಎತ್ತಿಕೊಂಡ.

"ಇದನ್ನೂ ಇಡೋಣು. ಇದರ ಮುಂದ ಕೂತೇ ಜೀವ ಬಿಟ್ಟ."

"ಅದೊಂದು ಬ್ಯಾಡ ಭಾವ," ಎಂದಳು ಕನಕಮ್ಮ. ಅಷ್ಟು ಹೊತ್ತು ಅತ್ತೂ ಅತ್ತೂ ಬಿದ್ದುಹೋಗಿದ್ದ ದನಿ ಈಗ ಗಟ್ಟಿಯಾಗಿತ್ತು. "ಅದು ಮಾತಾಡಿದ ದಿನ ಚಾಂದನ ಮುಂದ ಒಯ್ದು ಇಡ್ತೀನಿ ಅಂದಿದ್ರು. ಅದು ಅವಂದು."

ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಚಾಂದ್‌ಪಾಷಾನ ಸರದಿ ಬಂದಾಗ ಮಣ್ಣು ಅವನ ಮುಷ್ಟಿಯಿಂದ ಬೇಗ ಇಳಿಯಲಿಲ್ಲ. ಹಿಂದಿನವರು ಕಾದು ನಿಂತರು.

*

ಮಣ್ಣು ಮುಗಿಸಿ ಬಂದವರು ಕೈಕಾಲು ತೊಳೆದು, ಗ್ಯಾನಪ್ಪನನ್ನು ಮಲಗಿಸಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿ ಒಬ್ಬೊಬ್ಬರೇ ಹೊರಟರು. ಕನಕಮ್ಮ ಚಾಂದ್‌ಪಾಷಾನನ್ನು ಹೋಗಗೊಡಲಿಲ್ಲ. ದೀಪದ ಹತ್ತಿರ ಕೂರಿಸಿ, ಆ ಪೆಟ್ಟಿಗೆ, ಒಂದು ತಂಬಾಕಿನ ಡಬ್ಬಿ, ಗ್ಯಾನಪ್ಪನ ಇಕ್ಕಳ, ಮೂರನ್ನೂ ಅವನ ಮುಂದಿಟ್ಟಳು.

ಡಬ್ಬಿಯ ತುಂಬ ಸತ್ತ ಟ್ರಾನ್ಸಿಸ್ಟರುಗಳು. ಎಲ್ಲವೂ ಅವನ ಅಂಗಡಿಯವೇ. ಅಂಗೈಗೆ ಸುರುವಿಕೊಂಡು ದೀಪಕ್ಕೆ ಹಿಡಿದ. ಅವುಗಳ ಕಾಲುಗಳೆಲ್ಲ ಸುಟ್ಟು ನೀಲಿಯಾಗಿದ್ದವು. ಅರ್ಧದಷ್ಟು ಕಾಳುಗಳ ತಗಡಿನ ತಲೆ ನುಣ್ಣಗಿತ್ತು. ಉಳಿದ ಅರ್ಧದ ತಲೆಯ ಮೇಲೆ ಎರಡೂ ಕಡೆ ಸಣ್ಣ ಸಣ್ಣ ಗೀರುಗಳಿದ್ದವು.

"ಇವೇನು ಯವ್ವಾ, ಗೀರು?"

"ಇಕ್ಕಳದ ಹಲ್ಲು." ಕನಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಹೋದ ಶ್ರಾವಣದಾಗ ನಿನ್ನ ಅಂಗಡಿ ಮುಂದ ನಿಂತು ಬಂದಿದ್ರು. ಒಳಗ ಗಿರಾಕಿ ಇದ್ರಂತ, ನಾಚಿಕಿ ಆತಂತ. ಆದ್ರೂ ಎಷ್ಟು ಖುಷಿ ಅವತ್ತು! 'ಕನಕಾ, ಗುಟ್ಟು ಸಿಕ್ತು. ಚಾಂದ ಕಾಳನ್ನ ಇಕ್ಕಳದಾಗ ಹಿಡಕೊಂಡು ಬೆಸಗಿ ಹಾಕ್ತಾನ. ಏನು ಚಲೋ ಕೈ ಅದಲೇ ಅವಂದು, ನನಗ ಸೈತ ಬರಂಗಿಲ್ಲ' ಅಂದ್ರು. ಅವತ್ತಿಂದ ಹಿಂಗ ಹಿಡೀತಿದ್ರು. ಆದ್ರೂ ಒಂದೂ ಉಳೀಲಿಲ್ಲ. ಎಲ್ಲಿ ತಪ್ಪಿತ್ತಪಾ, ಹೇಳು?"

ಕಣ್ಣು ಮಂಜಾದ ಮುದುಕ. ಆ ದೂರದಿಂದ ಅವನಿಗೆ ಕಂಡದ್ದು ಇಕ್ಕಳ ಮಾತ್ರ.

"ತಲಿ ಹಿಡಿದಾರ ಯವ್ವಾ," ಎಂದ ಚಾಂದ್‌ಪಾಷಾ. "ಕಾಲು ಹಿಡೀಬೇಕಿತ್ತು."

"ಅಷ್ಟೇನಾ?"

"ಅಷ್ಟೇ."

ಕನಕಮ್ಮ ಎದ್ದು ಒಳಗೆ ಹೋದಳು.

ಚಾಂದ್‌ಪಾಷಾ ಇಕ್ಕಳ ತೆಗೆದುಕೊಂಡ. ಹಿಡಿಕೆಗೆ ಉಸ್ತಾದ್ ಸುತ್ತಿದ್ದ ಹಳೇ ಧೋತರದ ಪಟ್ಟಿ ಬೆವರಿಗೆ ಕಪ್ಪಾಗಿತ್ತು. ಅಂಗೈಯಿಂದ ಒಂದು ಕಾಳನ್ನು ಆರಿಸಿ, ಇಕ್ಕಳದ ಬಾಯಿಯನ್ನು ಅದರ ತಲೆಯಿಂದ ಒಂದು ಜೋಳದ ಕಾಳಿನಷ್ಟು ಕೆಳಗೆ ಸರಿಸಿ, ಕಾಲನ್ನು ಮೆತ್ತಗೆ ಕಚ್ಚಿಸಿದ. ಎದುರಿಗೆ ಕೂತವರಿಗೆ ಕಾಣುವಂತೆ ಕೈಯನ್ನು ತುಸು ಮುಂದೆ ಚಾಚಿ, ದೀಪದ ಬೆಳಕಿಗೆ ತಂದ.

"ಹಿಂಗ, ಉಸ್ತಾದ್," ಎಂದ.

ಕೈ ಹಾಗೆಯೇ ಹಿಡಿದಿದ್ದ. ಎದುರಿನ ಗೋಡೆಯ ಮೇಲೆ ಇಕ್ಕಳದ ನೆರಳು ದೊಡ್ಡದಾಗಿ ಬಿದ್ದಿತ್ತು, ಎಷ್ಟು ದೂರದಿಂದಲೂ ಕಾಣುವಷ್ಟು.